ಇಬ್ಬರು ದಾದಾಪೀರರು ಮತ್ತು ಒಂದು ಸಾಫ್ಟ್‌ವೇರ್

ವಿದ್ಯಾನಗರದ ರಸ್ತೆಗಳಲ್ಲಿ ಸುತ್ತಿ ಬೇಸರವಾದ ದಿನ ನಾನು ಸಿಟಿ ಬಸ್ ಹತ್ತಿ ಹಳೇ ಪೇಟೆಗೆ ಹೋಗಿ ಅಲ್ಲಿ ವಾಕಿಂಗ್ ಮಾಡುತ್ತೇನೆ. ಬಸ್ಸಿನಲ್ಲಿ ಕೂತು ವಾಕಿಂಗಿಗೆ ಹೋಗುವ ಮನುಷ್ಯನನ್ನು ನೀವು ಈವರೆಗೆ ಕಂಡಿಲ್ಲವಾದರೆ, ಇಗೋ, ಈಗ ಪರಿಚಯವಾಯಿತು. ನಿನ್ನೆ ಹಾಗೆ ಹೋಗಿದ್ದಾಗ ಒಂದು ಸಂದಿಯಲ್ಲಿ ಗರಡಿಮನೆಯ ಬಾಗಿಲು ತೆರೆದಿತ್ತು. ಒಳಗೆ ಯಾರೋ ಅಖಾಡದ ಕೆಮ್ಮಣ್ಣನ್ನು ಅಗೆದು ಸಡಿಲ ಮಾಡುತ್ತಿದ್ದರು. ಎಣ್ಣೆ, ಮಜ್ಜಿಗೆ, ನಿಂಬೆರಸ ಕುಡಿದು ಕುಡಿದು ಹದವಾದ ಆ ಮಣ್ಣಿನ ವಾಸನೆ ಬೀದಿಗೆ ಬಂದು ನನ್ನನ್ನು ಹಿಡಿದು ನಿಲ್ಲಿಸಿತು. ದಾವಣಗೆರೆಯವನಿಗೆ ಆ ವಾಸನೆ ಬಂದರೆ ಕುಸ್ತಿ ನೆನಪಾಗಬೇಕು. ನನಗೆ ಒಂದು ಸಾಫ್ಟ್‌ವೇರ್ ನೆನಪಾಗುತ್ತದೆ. ನಗಬೇಡಿ, ಹೇಳುತ್ತೇನೆ.

ಮೊದಲು ನನ್ನ ಯೋಗ್ಯತೆ ಹೇಳಿಬಿಡಬೇಕು. ನಾನು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಸೇರಿ, ಗುಮಾಸ್ತನಾಗಿಯೇ ಹಾರ ಹಾಕಿಸಿಕೊಂಡು ಹೊರಬಿದ್ದವನು. 'ರೆಫರೆನ್ಸ್' ಎಂಬ ಶಬ್ದ ನನಗೆ ಗೊತ್ತಿದ್ದದ್ದು ಒಂದೇ ರೀತಿಯಲ್ಲಿ. ಕಚೇರಿ ಪತ್ರದ ತಲೆಯ ಮೇಲೆ 'ವಿಷಯ' ಅಂತ ಒಂದು ಸಾಲು, ಅದರ ಕೆಳಗೆ 'ಉಲ್ಲೇಖ' ಅಂತ ಇನ್ನೊಂದು ಸಾಲು. ಆ ಎರಡನೆಯ ಸಾಲು ಇಲ್ಲದ ಪತ್ರಕ್ಕೆ ನಮ್ಮ ಸಾಹೇಬರು ಸಹಿ ಹಾಕುತ್ತಿರಲಿಲ್ಲ. ಯಾರು ಯಾರಿಗೆ ಯಾವಾಗ ಏನು ಬರೆದಿದ್ದರು ಎಂಬುದು ಅಲ್ಲಿರಬೇಕು. ಇಷ್ಟು ಗೊತ್ತಿದ್ದವನಿಗೆ ಸಂಶೋಧನೆಯ ಅರ್ಧ ಗೊತ್ತಿದ್ದಂತೆ ಎಂದು ನಾನು ಬಹಳ ಕಾಲ ತಿಳಿದಿದ್ದೆ.

ಉಳಿದರ್ಧ ನಮ್ಮ ಮನೆಗೆ ಬಂದದ್ದು ನೀಲಾಳಿಂದ. ನೀಲಾ ಎಂದರೆ ನೀಲಾಂಬಿಕೆ, ನನ್ನ ಹೆಂಡತಿ. ಹರಿಹರದ ಒಂದು ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡುತ್ತಿದ್ದಳು. ದಿನಾ ಬೆಳಿಗ್ಗೆ ದಾವಣಗೆರೆಯಿಂದ ಬಸ್ಸು, ಸಂಜೆ ವಾಪಸ್ಸು ಬಸ್ಸು. ಮಗಳ ಮದುವೆ ಮುಗಿದ ಮಾರನೇ ವಾರ, ಚಪ್ಪರದ ಗಳಗಳು ಇನ್ನೂ ಅಂಗಳದಲ್ಲಿ ಬಿದ್ದಿರುವಾಗ, ಊಟಕ್ಕೆ ಬಡಿಸುತ್ತಾ ಹೇಳಿದಳು.

"ರೀ, ನಾನು ಪಿಎಚ್‌ಡಿ ಮಾಡ್ತೀನಿ."

"ಈಗ?"

"ಈಗ ಅಲ್ಲದೆ ಮತ್ತ್ಯಾವಾಗ? ಕೈಗೆ ಪುರುಸೊತ್ತು ಸಿಕ್ಕಿದ್ದೇ ಈಗ."

"ಯಾವುದರ ಮೇಲೆ?"

"ಗರಡಿಮನೆ. ದಾವಣಗೆರೆ, ಹರಿಹರದ ಗರಡಿಮನೆ, ಪೈಲ್ವಾನರು."

ಚರಿತ್ರೆಯವರು ಶಾಸನ, ಕೋಟೆ, ದೇವಸ್ಥಾನ ಅಂತ ಹೋಗುವುದು ಕೇಳಿದ್ದೆ. ನಮ್ಮ ಮನೆಯ ಚರಿತ್ರೆ ಮೇಡಂ ಲಂಗೋಟಿಯ ಗಂಡಸರ ಹತ್ತಿರ ಹೊರಟಿದ್ದಳು. ಅವಳ ಅಜ್ಜ ಕುಕ್ಕುವಾಡದಲ್ಲಿ ಸಣ್ಣದೊಂದು ಗರಡಿ ನಡೆಸುತ್ತಿದ್ದರಂತೆ. ಹೆಣ್ಣುಮಕ್ಕಳು ಒಳಗೆ ಹೋಗುವಂತಿರಲಿಲ್ಲ, ಆದ್ದರಿಂದ ಇವಳು ಕಿಟಕಿಯ ಸರಳು ಹಿಡಿದು ನೋಡುತ್ತಿದ್ದಳಂತೆ. ಇಷ್ಟು ವರ್ಷ ಒಂದೇ ಮಂಚದಲ್ಲಿ ಮಲಗಿದ ನನಗೆ ಈ ಸಂಗತಿ ಅವತ್ತೇ ಗೊತ್ತಾದದ್ದು.

ಗರಡಿಗೆ ಒಬ್ಬಳೇ ಹೋಗುವುದು ಅವಳಿಗೆ ಸಂಕೋಚ. ಹಾಗಾಗಿ ರಜೆಯ ದಿನ ನಾನು ಜೊತೆ. ಅವಳು ಪ್ರಶ್ನೆ ಕೇಳುವಳು, ನಾನು ಗೋಡೆಗೆ ಒರಗಿಸಿಟ್ಟ ಗದೆಗಳನ್ನು ನೋಡುತ್ತಾ ಕೂರುವವನು. ಒಮ್ಮೆ ಒಬ್ಬ ಹಿರಿಯ ಪೈಲ್ವಾನರು ನನ್ನ ಭುಜ ಮುಟ್ಟಿ ನೋಡಿ, ಏನೂ ಹೇಳದೆ, ಬಾಳೆಹಣ್ಣು ತರಿಸಿಕೊಟ್ಟರು. ಆ ಮೌನದಲ್ಲಿ ನನ್ನ ದೇಹದ ಬಗ್ಗೆ ಹೇಳಬೇಕಾದದ್ದೆಲ್ಲ ಇತ್ತು.

ಹರಿಹರದಲ್ಲಿ ಹೊಳೆಯ ಕಡೆಗೆ ಇಳಿಯುವ ಬೀದಿಯಲ್ಲಿ ದಾದಾಪೀರ್ ಪೈಲ್ವಾನರ ಮನೆ. ಬಿಳಿ ಮೀಸೆ, ಮುದುಡಿದ ಕಿವಿ, ಗಟ್ಟಿ ಧ್ವನಿ. ನಾವು ಹೋದಾಗ ಎದ್ದು ನಿಂತು, "ಬರ್ರಿ ಬರ್ರಿ, ಕೂಡ್ರಿ" ಎಂದು ಕುರ್ಚಿ ಎಳೆದರು. ಮೊಬೈಲಿನಲ್ಲಿ ಧ್ವನಿ ಹಿಡಿಯುವುದಕ್ಕೆ ನೀಲಾ ಶುರು ಮಾಡುವ ಮೊದಲೇ ಅವರು ಒಂದು ಮಾತು ಹೇಳಿದರು.

"ಹೆಸರು ಸರಿಯಾಗಿ ಬರ್ಕೊಳ್ಳಮ್ಮಾ. ಹರಿಹರ ದಾದಾಪೀರ್ ಪೈಲ್ವಾನ್. ಮೊದಲು ಊರು, ಆಮೇಲೆ ಹೆಸರು. ಹ್ಯಾಂಡ್‌ಬಿಲ್‌ನಾಗೆ ಹಂಗೇ ಹಾಕ್ತಿದ್ರು."

"ಬರೀ ದಾದಾಪೀರ್ ಅಂದ್ರೆ ಆಗಲ್ವೇನ್ರಿ?"

"ಹೆಂಗೆ ಆಗುತ್ತಮ್ಮಾ? ದಾವಣಗೆರೆಯಾಗೆ ಇನ್ನೊಬ್ಬ ದಾದಾಪೀರ್ ಅವನೆ. ಅವನೂ ಪೈಲ್ವಾನ್. ಅವನ್ನ ನಾನು ಚಿತ್ ಮಾಡಿದ್ದು. ಊರು ತೆಗೆದ್ರೆ, ದಾದಾಪೀರ್ ದಾದಾಪೀರನ್ನ ಚಿತ್ ಮಾಡಿದ ಅಂತಾಗುತ್ತೆ. ನನ್ನ ಬೆನ್ನು ನಾನೇ ಮಣ್ಣಿಗೆ ಹಚ್ಚಿದಂಗೆ!"

ಅವರು ನಕ್ಕ ರಭಸಕ್ಕೆ ಒಳಗಿನಿಂದ ಸೊಸೆ ಇಣುಕಿದಳು. ಮುಂದಿನ ವಾರ ನೀಲಾ ದಾವಣಗೆರೆಯ ದಾದಾಪೀರರನ್ನೂ ಹುಡುಕಿ ಮಾತಾಡಿಸಿದಳು. ಅವರು ಆ ಕುಸ್ತಿ ನಡೆದದ್ದನ್ನು ಒಪ್ಪಿದರು. ಚಿತ್ ಆದದ್ದನ್ನು ಒಪ್ಪಲಿಲ್ಲ. "ಕಾಲು ಜಾರಿತ್ತು ಕಣ್ರಿ" ಎಂದರು. ಚರಿತ್ರೆ ಎಂದರೆ ಏನು ಎಂಬುದು ನನಗೆ ಅವತ್ತು ಸ್ವಲ್ಪ ಅರ್ಥವಾಯಿತು.

ಹೀಗೆ ವರ್ಷಗಳು ಹೋದವು. ಮನೆಯಲ್ಲಿ ಕಾಗದ ಬೆಳೆಯಿತು. ಹಳೆಯ ಕುಸ್ತಿ ಹ್ಯಾಂಡ್‌ಬಿಲ್ಲುಗಳು, ಪತ್ರಿಕೆಯ ತುಣುಕುಗಳು, ಮುಖಪುಟ ಹರಿದ ಸ್ಮರಣ ಸಂಚಿಕೆಗಳು, ಜೆರಾಕ್ಸುಗಳು. ಬೀರುವಿನಲ್ಲಿ ರೇಷ್ಮೆ ಸೀರೆಗಳ ಮಡಿಕೆಯಲ್ಲೂ ಪೈಲ್ವಾನರು ಸೇರಿಕೊಂಡರು. ಅವಳು ಬರೆಯಲು ಕೂತಾಗ, ಒಂದು ಮಾತು ಯಾವ ಕಾಗದದಲ್ಲಿತ್ತು ಎಂದು ಹುಡುಕುವುದಕ್ಕೇ ಮಧ್ಯಾಹ್ನ ಮುಗಿಯುತ್ತಿತ್ತು. ಕೊನೆಗೊಂದು ದಿನ ಅವಳ ಗೈಡ್ ಹೇಳಿದರಂತೆ: "ನೋಡ್ರಿ, ಇನ್ನು ಕೈಯಾಗೆ ಬರೆದ ಅಡಿಟಿಪ್ಪಣಿ ನಾನು ನೋಡೋದಿಲ್ಲ. ಸಾಫ್ಟ್‌ವೇರ್‌ನಾಗೆ ಹಾಕ್ಕೊಂಡು ಬರ್ರಿ. ಡಿಪಾರ್ಟ್‌ಮೆಂಟ್‌ನಾಗೆ ಒಂದು ಐತೆ, ಎಲ್ಲರೂ ಅದನ್ನೇ ಬಳಸ್ತಾರೆ."

ನನ್ನಂಥವರಿಗಾಗಿ ಅದೇನೆಂದು ಹೇಳಿಬಿಡುತ್ತೇನೆ. ಒಂದು ಪುಸ್ತಕದ ವಿವರ, ಅಂದರೆ ಬರೆದವರ ಹೆಸರು, ಅಚ್ಚಾದ ಊರು, ವರ್ಷ, ಇವನ್ನು ಅದಕ್ಕೆ ಒಮ್ಮೆ ಕೊಟ್ಟರೆ ಸಾಕು. ಆಮೇಲೆ ನೀವು ಬರೆಯುತ್ತಾ ಹೋದಂತೆ ಬೇಕಾದ ಕಡೆ ಒತ್ತಿದರೆ ಅಡಿಟಿಪ್ಪಣಿ ತಾನೇ ಕೂರುತ್ತದೆ, ಕೊನೆಯಲ್ಲಿ ಬರುವ ಗ್ರಂಥಋಣವೂ ತಾನೇ ಅಕಾರಾದಿಯಾಗಿ ಸಿದ್ಧವಾಗುತ್ತದೆ. ಕೇಳಿ ನನಗೆ ಹೊಟ್ಟೆ ಉರಿಯಿತು. ಇಂಥದ್ದೊಂದು ನಮ್ಮ ಕಚೇರಿಯಲ್ಲಿ ಇದ್ದಿದ್ದರೆ 'ಉಲ್ಲೇಖ'ದ ಸಾಲಿಗಾಗಿ ನಾನು ತಿಂದ ಬೈಗುಳದಲ್ಲಿ ಮುಕ್ಕಾಲು ಪಾಲು ತಪ್ಪುತ್ತಿತ್ತು.

ವಿಚಾರಿಸಿದಾಗ ಸಿಕ್ಕಿದ್ದು ಮೂರು. ಒಂದು ಡಿಪಾರ್ಟ್‌ಮೆಂಟಿನವರು ಹಣ ಕೊಟ್ಟು ತಂದದ್ದು. ಇನ್ನೊಂದು ಪುಕ್ಕಟೆ, ಆದರೆ ಒಂದು ಕಂಪನಿಯದು. ಮೂರನೆಯದೂ ಪುಕ್ಕಟೆಯೇ, ಯಾರು ಬೇಕಾದರೂ ಒಳಗೆ ಕೈಹಾಕಿ ತಿದ್ದಬಹುದಾದದ್ದು. ಅವಳ ಜೊತೆಯ ಸಂಶೋಧಕರು "ಎಲ್ಲರೂ ಯಾವುದು ಹಾಕ್ಕೊಂಡಿದ್ದಾರೋ ಅದನ್ನೇ ಹಾಕ್ಕೊಳ್ರಿ ಮೇಡಂ" ಎಂದರು. ಸಾಮಾನ್ಯವಾಗಿ ನಾವೆಲ್ಲ ಮಾಡುವುದೂ ಅದನ್ನೇ. ಮೊಬೈಲು, ಸ್ಕೂಟರು, ಬೀಗರು, ಎಲ್ಲ ಹಾಗೇ.

ಆದರೆ ನೀಲಾ ಬೇರೆ ಜಾತಿಯ ಗಿರಾಕಿ. ನಾವು ಹೊಸದಾಗಿ ಸಂಸಾರ ಹೂಡಿದಾಗ ಗ್ರೈಂಡರ್ ಕೊಳ್ಳಲು ಪೇಟೆಗೆ ಹೋಗಿದ್ದೆವು. ಅಂಗಡಿಯವರು ಮೂರು ನಾಲ್ಕು ಮಾದರಿ ಇಟ್ಟು, ಮೋಟಾರು, ಗ್ಯಾರಂಟಿ ಎಂದು ವರ್ಣಿಸುತ್ತಿದ್ದರು. ಇವಳು ಚೀಲದಿಂದ ಸ್ಟೀಲ್ ಡಬ್ಬಿ ತೆಗೆದಳು. ಅದರೊಳಗೆ ಮನೆಯಿಂದ ನೆನೆಸಿ ತಂದ ಅಕ್ಕಿ, ಉದ್ದಿನಬೇಳೆ! "ಇದನ್ನ ಒಂದೊಂದರಾಗೂ ಸ್ವಲ್ಪ ಸ್ವಲ್ಪ ರುಬ್ಬಿ ತೋರಿಸ್ರಿ. ಆಮೇಲೆ ಮಾತು" ಎಂದಳು. ನಾನು ಪರಿಚಯವೇ ಇಲ್ಲದವನಂತೆ ಪಕ್ಕದ ಪಾತ್ರೆ ಅಂಗಡಿಯ ಬೋರ್ಡು ಓದುತ್ತಾ ನಿಂತೆ. ಆ ಗ್ರೈಂಡರ್ ಇವತ್ತಿಗೂ ತಿರುಗುತ್ತಿದೆ, ಅದು ಬೇರೆ ಮಾತು.

ಸಾಫ್ಟ್‌ವೇರಿಗೂ ಅದೇ ಪರೀಕ್ಷೆ. ತನ್ನ ಬಳಿ ಇದ್ದ ಆಕರಗಳಲ್ಲಿ ಅತ್ಯಂತ ಹಠಮಾರಿಗಳನ್ನು ಆರಿಸಿದಳು. ವರ್ಷವೇ ಇಲ್ಲದ ಸ್ಮರಣ ಸಂಚಿಕೆ, ಬರೆದವರ ಹೆಸರಿಲ್ಲದ ಹ್ಯಾಂಡ್‌ಬಿಲ್ಲು, ಹಳೆಯ ಪುಸ್ತಕದ ಸ್ಕ್ಯಾನ್, ಮತ್ತೆ ಇಬ್ಬರು ದಾದಾಪೀರರ ಸಂದರ್ಶನ. ಮೂರಕ್ಕೂ ಇವನ್ನೇ ತಿನ್ನಿಸಿದಳು. ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಕೂತವಳ ಪಕ್ಕ ನಾನೂ ಕುರ್ಚಿ ಹಾಕಿಕೊಂಡೆ.

ಡಿಪಾರ್ಟ್‌ಮೆಂಟಿನದು ಹೆಸರು ನೋಡಿದ ಕೂಡಲೇ ಕೊನೆಯ ಶಬ್ದವನ್ನು ಮನೆತನದ ಹೆಸರು ಎಂದುಕೊಂಡಿತು. ಹರಿಹರ ದಾದಾಪೀರ್ ಪೈಲ್ವಾನರು 'ಪೈಲ್ವಾನ್, ಹ. ದಾ.' ಆದರು. ದಾವಣಗೆರೆಯವರು 'ಪೈಲ್ವಾನ್, ದಾ. ದಾ.' ಆದರು. ಊರು, ಜಾತಿ, ಮತ ಎಲ್ಲ ಬಿಟ್ಟು ಜಿಲ್ಲೆಯ ಕುಸ್ತಿಯವರೆಲ್ಲ ಒಂದೇ ಪೈಲ್ವಾನ್ ಮನೆತನದ ಅಣ್ಣತಮ್ಮಂದಿರಾಗಿ ಸಾಲಾಗಿ ನಿಂತರು. ನೋಡಲು ಚೆನ್ನಾಗಿತ್ತು. ಯಾರು ಯಾರೆಂದು ಮಾತ್ರ ತಿಳಿಯುತ್ತಿರಲಿಲ್ಲ.

ಕಂಪನಿಯದು ಬಹಳ ಚುರುಕು. ಸ್ಕ್ಯಾನ್ ಮಾಡಿದ ಪುಸ್ತಕ ಕೊಟ್ಟರೆ ತಾನೇ ಓದಿಕೊಂಡು ವಿವರ ತುಂಬುತ್ತದೆ. ತುಂಬಿತು. ಲೇಖಕರು: ಅಡ್ಮಿನ್. ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನ ಹೆಸರು ಅದು. ಹೀಗೆ ಕನ್ನಡದ ಮೂರ್ನಾಲ್ಕು ಒಳ್ಳೆಯ ಪುಸ್ತಕಗಳನ್ನು ಈ ಅಡ್ಮಿನ್ ಮಹಾಶಯರೇ ಬರೆದಂತಾಯಿತು. ಅಷ್ಟಕ್ಕೇ ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೆ ನೀಲಾ, "ಅಯ್ಯೋ, ದಾದಾಪೀರ್ ಎಲ್ಲಿ ಹೋದ್ರು?" ಎಂದು ಕೂಗಿದಳು. ಹೆಸರು ಒಂದೇ ತರ ಇದೆ, ವಿಷಯವೂ ಒಂದೇ ಎಂದು ಅದು ಇಬ್ಬರನ್ನೂ ತಾನಾಗಿಯೇ ಒಬ್ಬರನ್ನಾಗಿ ಕೂಡಿಸಿಬಿಟ್ಟಿತ್ತು. ಅಂದರೆ ಹರಿಹರದವರು ಹೆದರಿದ್ದು ನಿಜವಾಯಿತು, ತಮ್ಮನ್ನು ತಾವೇ ಚಿತ್ ಮಾಡಿಕೊಂಡಿದ್ದರು! ನಾನು ನಕ್ಕೆ. ಅವಳು ನಗಲಿಲ್ಲ.

"ನಗಬ್ಯಾಡ್ರಿ. ಆ ಮನುಷ್ಯ ಕುರ್ಚಿ ಎಳೆದು ಕೂಡಿಸಿ, ಹೆಸರು ಸರಿಯಾಗಿ ಬರ್ಕೋ ಅಂತ ಹೇಳಿದ್ರು. ಅದೊಂದನ್ನೇ ಕೇಳಿದ್ದು ಅವರು."

ಮೂರನೆಯದೂ ಮೊದಲು ಹೆಸರನ್ನು ಸೀಳಲು ಹೊರಟಿತು. ಆದರೆ ಹೆಸರಿನ ಪಕ್ಕದಲ್ಲಿ ಒಂದು ಸಣ್ಣ ಗುಂಡಿ ಇತ್ತು. ಒತ್ತಿದರೆ ಹೆಸರು ತುಂಬುವ ಎರಡು ಕೋಣೆ ಒಂದಾಗುತ್ತಿತ್ತು. ಅವಳು 'ಹರಿಹರ ದಾದಾಪೀರ್ ಪೈಲ್ವಾನ್' ಎಂದು ಇಡಿಯಾಗಿ ಬರೆದಳು. ಅದು ಇಡಿಯಾಗಿಯೇ ಉಳಿಯಿತು. ದಾವಣಗೆರೆಯವರನ್ನೂ ಬರೆದಳು. ಇಬ್ಬರೂ ತಮ್ಮ ತಮ್ಮ ಊರಿನ ಅಕ್ಷರಕ್ಕೆ ಹೋಗಿ, ದೂರ ದೂರ ಕೂತರು. ನೀಲಾ ಕುರ್ಚಿಗೆ ಒರಗಿ, "ಇದು ನಂದು" ಎಂದಳು. ಗ್ರೈಂಡರ್ ಅಂಗಡಿಯಲ್ಲೂ ಹಿಟ್ಟನ್ನು ಬೆರಳಲ್ಲಿ ಮುಟ್ಟಿ ಅವಳು ಹೇಳಿದ್ದು ಅಷ್ಟೇ ಮಾತು.

ಅಲ್ಲಿಗೇ ಕೆಲಸ ಮುಗಿಯಲಿಲ್ಲ. ಆ ಸಾಫ್ಟ್‌ವೇರ್ ಕನ್ನಡದ ಗ್ರಂಥಋಣದ ಮಧ್ಯೆ ಇಂಗ್ಲಿಷಿನ ಚುಟುಕು ಶಬ್ದಗಳನ್ನು ತಂದು ತುರುಕುತ್ತಿತ್ತು. 'ಮತ್ತು ಇತರರು' ಎಂದು ಬರಬೇಕಾದಲ್ಲಿ ಲ್ಯಾಟಿನ್, 'ಪುಟ' ಎಂದು ಬರಬೇಕಾದಲ್ಲಿ ಒಂದು ಒಂಟಿ ಇಂಗ್ಲಿಷ್ ಅಕ್ಷರ. ಅದನ್ನು ಬದಲಿಸಲು ಅದರ ಹೊಟ್ಟೆಯೊಳಗಿನ ಒಂದು ಫೈಲನ್ನು ತೆರೆದು ತಿದ್ದಬೇಕು. ತೆರೆದರೆ ಬರೀ ಕಂಸಗಳು, ಬಾಣಗಳು. ಪರೀಕ್ಷೆಯ ಅಂಕ ತುಂಬುವುದು ಬಿಟ್ಟು ಕಂಪ್ಯೂಟರಿನಲ್ಲಿ ಬೇರೇನೂ ಮಾಡದಿದ್ದ ನೀಲಾ, ರಂಗೋಲಿಯ ಎಳೆ ಹಿಡಿದು ಹೋದ ಹಾಗೆ ಒಂದೊಂದೇ ಸಾಲು ಹಿಡಿದು ಹೋದಳು. ಒಂದು ಕಂಸ ತಪ್ಪಿದರೆ ಇಡೀ ಪಟ್ಟಿ ಮಾಯ. ಮತ್ತೆ ಮೊದಲಿನಿಂದ. ನನ್ನ ಕೆಲಸ, ಪಕ್ಕದಲ್ಲಿ ಕೂತು ಕಂಸ ತೆರೆದದ್ದು ಮುಚ್ಚಿದೆಯೇ ಎಂದು ನೋಡುವುದು. ಸೇವಾವಧಿಯಲ್ಲಿ ಕಲಿತ ಒಂದು ವಿದ್ಯೆ ಕೊನೆಗೂ ಮನೆಗೆ ಉಪಯೋಗವಾಯಿತು. ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಅವಳ ಗ್ರಂಥಋಣ ತಲೆಯಿಂದ ಕಾಲಿನವರೆಗೆ ಕನ್ನಡದಲ್ಲಿತ್ತು.

ಅದನ್ನು ಅಚ್ಚು ಹಾಕಿಸಿ ಗೈಡಿಗೆ ತೋರಿಸಲು ನಾನೂ ಜೊತೆಗೆ ಹೋಗಿದ್ದೆ. ಅವರು ಬಾತಿ ಎಂಬ ಊರಿನವರು, ಒಳ್ಳೆಯ ವಿದ್ವಾಂಸರು, ಆದರೆ ನಿಯಮ ಎಂದರೆ ನಿಯಮ. ಪುಟ ತಿರುವಿದರು, ಹುಬ್ಬು ಗಂಟಿಕ್ಕಿದರು.

"ಇದು ಡಿಪಾರ್ಟ್‌ಮೆಂಟಿನ ಸಾಫ್ಟ್‌ವೇರ್ ಅಲ್ಲ."

"ಅಲ್ಲ ಸರ್."

"ಎಲ್ಲರೂ ಒಂದು ದಾರಿ ಹಿಡಿದ್ರೆ ನೀವೊಬ್ರೇ ಯಾಕ ಬ್ಯಾರೆ ಹೋಗ್ತೀರಿ? ಸರ್‌ನೇಮ್ ಮುಂದೆ ಬಂದಿಲ್ಲ. ಕೊಲೊಕ್ವಿಯಂನಾಗೆ ಹೊರಗಿನವರು ಇರ್ತಾರೆ. ಅವರು ತಕರಾರು ತೆಗೆದ್ರೆ ಇಡೀ ಅಡಿಟಿಪ್ಪಣಿ ಮತ್ತೆ ಮಾಡಬೇಕಾಗುತ್ತೆ. ನಿಮ್ಮ ಅವಧಿ ಎಷ್ಟು ಉಳಿದೈತೆ ಗೊತ್ತೈತಲ್ಲ?"

ಗೊತ್ತಿತ್ತು. ಒಮ್ಮೆ ವಿಸ್ತರಣೆ ಆಗಿಹೋಗಿತ್ತು, ಇನ್ನೊಮ್ಮೆ ಕೊಡುವಂತಿರಲಿಲ್ಲ. ಮತ್ತೆ ಮೊದಲಿನಿಂದ ಮಾಡಲು ಕೂತರೆ ಗಡುವು ದಾಟುತ್ತಿತ್ತು, ಅಷ್ಟು ವರ್ಷದ ದುಡಿಮೆ ನೀರಿಗೆ ಹೋಗುತ್ತಿತ್ತು. ನಾನು ಮನಸ್ಸಿನಲ್ಲೇ, 'ಒಪ್ಪಿಕೊಂಡುಬಿಡು ಮಾರಾಯ್ತಿ' ಎಂದೆ.

ಅವಳು ಹೇಳಿದಳು: "ಸರ್, ಡಿಪಾರ್ಟ್‌ಮೆಂಟಿನದು ನನ್ನ ನೋಂದಣಿ ಮುಗಿದ ದಿನ ಬಾಗಿಲು ಹಾಕ್ಕೊಳ್ಳುತ್ತೆ. ಆಮೇಲೆ ನನ್ನ ಪೈಲ್ವಾನರನ್ನ ನಾನೇ ನೋಡಂಗಿಲ್ಲ. ಹೆಸರಿನ ವಿಷಯ ಕೊಲೊಕ್ವಿಯಂನಾಗೆ ಕೇಳಿದ್ರೆ ನಾನೇ ಉತ್ತರ ಹೇಳ್ತೀನಿ. ನೀವು ಬರೀ ಸುಮ್ನಿರ್ರಿ ಸಾಕು."

ಗೈಡಿಗೆ ಹಾಗೆ ಹೇಳಬಹುದು ಎಂದು ನನಗೆ ಗೊತ್ತಿರಲಿಲ್ಲ. ಅವರಿಗೂ ಗೊತ್ತಿದ್ದಂತೆ ಕಾಣಲಿಲ್ಲ.

ಕೊಲೊಕ್ವಿಯಂ ಎಂದರೆ ಮಹಾಪ್ರಬಂಧ ಸಲ್ಲಿಸುವ ಮೊದಲು ಎಲ್ಲರೆದುರು ನಿಂತು ಅದನ್ನು ಸಮರ್ಥಿಸಿಕೊಳ್ಳುವ ಸಭೆ. ನಾನು ಕೊನೆಯ ಬೆಂಚಿನಲ್ಲಿ ಕೂತೆ. ನೀಲಾ ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ಮಾತು ಚೆನ್ನಾಗಿ ಸಾಗಿತು. ಗರಡಿಯ ಮಣ್ಣು, ಉಸ್ತಾದರು, ಹತ್ತಿ ಗಿರಣಿಯ ಪಾಳಿ ಮುಗಿಸಿ ಬಂದು ಸಾಮು ಮಾಡುತ್ತಿದ್ದ ಕೂಲಿಗಳು, ಎಲ್ಲ ಹೇಳಿದಳು. ಎಲ್ಲ ಮುಗಿಯಿತು ಎನ್ನುವಾಗ ಹೊರಗಿನಿಂದ ಬಂದಿದ್ದ ತಜ್ಞರು ಕೊನೆಯ ಪುಟಗಳನ್ನು ತೆರೆದರು.

"ವಿಷಯ ಚೆನ್ನಾಗಿದೆ. ಆದರೆ ಗ್ರಂಥಋಣ ಶಾಸ್ತ್ರೀಯವಾಗಿಲ್ಲ. ಮನೆತನದ ಹೆಸರು ಮೊದಲು ಬರಬೇಕು. ಇದು ಜಗತ್ತೇ ಒಪ್ಪಿದ ಪದ್ಧತಿ. ಇದನ್ನು ತಿದ್ದದೆ ಮುಂದೆ ಹೋಗುವುದು ಕಷ್ಟ."

ನೀಲಾ ಲೋಟದ ನೀರು ಕುಡಿದು, ಮೈಕಿಗೆ ಬಗ್ಗಿದಳು.

"ಸರ್, ಮನೆತನದ ಹೆಸರು ಇದ್ದವರಿಗೆ ಅದನ್ನೇ ಮೊದಲು ಹಾಕೀನಿ. ಇಲ್ಲದವರಿಗೆ ಹುಟ್ಟಿಸೋಕೆ ಹೋಗಿಲ್ಲ. ನನ್ನ ಪ್ರಬಂಧದಾಗೆ ಇಬ್ಬರು ದಾದಾಪೀರ್ ಪೈಲ್ವಾನರು ಅದಾರೆ. ಒಬ್ಬರು ಇನ್ನೊಬ್ಬರನ್ನ ಚಿತ್ ಮಾಡಿದ್ದು ನನ್ನ ಮೂರನೇ ಅಧ್ಯಾಯ. ನೀವು ಹೇಳಿದ ಪದ್ಧತಿ ಪ್ರಕಾರ ಹಾಕಿದ್ರೆ ಇಬ್ಬರೂ ಬರೀ 'ಪೈಲ್ವಾನ್' ಆಗ್ತಾರೆ, ಒಂದು ಸಾಫ್ಟ್‌ವೇರ್ ಅಂತೂ ಇಬ್ಬರನ್ನೂ ಒಬ್ಬರನ್ನಾಗಿ ಮಾಡಿತು. ಆಗ ನನ್ನ ಮೂರನೇ ಅಧ್ಯಾಯದಾಗೆ ಗೆದ್ದವರೂ ಇಲ್ಲ, ಸೋತವರೂ ಇಲ್ಲ. ಓದುಗ ನನ್ನ ಆಕರ ಹುಡುಕಿಕೊಂಡು ಹೋದ್ರೆ ಸರಿಯಾದ ಮನೆ ಬಾಗಿಲಿಗೆ ಹೋಗಬೇಕು ಸರ್. ಉಲ್ಲೇಖ ಇರೋದೇ ಅದಕ್ಕಲ್ವಾ?"

ಸಭೆಯಲ್ಲಿ ಯಾರೋ ನಕ್ಕರು. ತಜ್ಞರು ನಗಲಿಲ್ಲ, ಆದರೆ ಪೆನ್ನು ಕೆಳಗಿಟ್ಟರು. ಆಗ, ಸುಮ್ಮನಿರಿ ಎಂದು ಹೇಳಿಸಿಕೊಂಡಿದ್ದ ಗೈಡ್ ಎದ್ದು ನಿಂತರು.

"ಒಂದು ಮಾತು ಸೇರಿಸ್ತೀನಿ. ನನ್ನ ಲೇಖನ ಒಂದು ವಿದೇಶದ ಜರ್ನಲ್‌ನಾಗೆ ಬಂದಿತ್ತು. ಸರ್‌ನೇಮ್ ಕೊಡಲೇಬೇಕು ಅಂದ್ರು. ನಮಗೆಲ್ಲಿ ಸರ್‌ನೇಮು? ಊರ ಹೆಸರು ಕೊಟ್ಟೆ. ಈಗ ಅಲ್ಲಿಯವರು ನನ್ನನ್ನ ಉಲ್ಲೇಖಿಸುವಾಗ 'ಬಾತಿ ಹೇಳುವಂತೆ' ಅಂತ ಬರೀತಾರೆ. ನಾನೊಬ್ಬ ಹೇಳಿದ್ದಕ್ಕೆ ಇಡೀ ಬಾತಿ ಊರು ಜವಾಬ್ದಾರಿ ಆಗೈತೆ. ಇವರ ಪದ್ಧತಿ ಸರಿ ಐತೆ ಅಂತ ನನ್ನ ಅಭಿಪ್ರಾಯ."

ಈ ಸಲ ತಜ್ಞರೂ ನಕ್ಕರು. ಹೆಸರುಗಳನ್ನು ಯಾವ ಕ್ರಮದಲ್ಲಿ ಕೊಟ್ಟಿದೆ, ಏಕೆ ಕೊಟ್ಟಿದೆ ಎಂದು ಪ್ರಬಂಧದ ಆರಂಭದಲ್ಲಿ ಒಂದು ಪುಟ ಬರೆದರೆ ಸಾಕು ಎಂದರು. ಅಷ್ಟೇ ಅಲ್ಲ, "ಆ ಪುಟ ಬರೆದ ಮೇಲೆ ನನಗೂ ಒಂದು ಪ್ರತಿ ಕಳಿಸಿ" ಎಂದೂ ಕೇಳಿದರು. ನಾನು ಪಕ್ಕದಲ್ಲಿ ಕೂತಿದ್ದ ಅಪರಿಚಿತರ ಮೊಣಕೈ ಹಿಡಿದು, "ಅವರು ನಮ್ಮನೆಯವರು ಕಣ್ರಿ" ಎಂದೆ. ಅವರು ಗಾಬರಿಯಾಗಿ ಕೈ ಬಿಡಿಸಿಕೊಂಡರು. ಆಗಲಿ. ಅಷ್ಟು ಹೆಮ್ಮೆಯನ್ನು ಒಬ್ಬನೇ ಇಟ್ಟುಕೊಂಡು ಕೂರಲು ನನ್ನಿಂದ ಸಾಧ್ಯವಿರಲಿಲ್ಲ.

ಗಡುವಿಗೆ ಮೊದಲೇ ಪ್ರಬಂಧ ಸಲ್ಲಿಕೆಯಾಯಿತು, ಪದವಿಯೂ ಬಂತು. ರಟ್ಟು ಕಟ್ಟಿಸಿದ ಪ್ರತಿಯೊಂದನ್ನು ಹಿಡಿದು ಹರಿಹರಕ್ಕೆ ಹೋದೆವು. ದಾದಾಪೀರರು ಕನ್ನಡಕ ಹಾಕಿಕೊಂಡು, ನೀಲಾ ತೋರಿಸಿದ ಸಾಲಿನ ಮೇಲೆ ಬೆರಳಿಟ್ಟು, ತಮ್ಮ ಹೆಸರನ್ನು ಊರಿನಿಂದ ಹಿಡಿದು ಕೊನೆಯವರೆಗೆ ಗಟ್ಟಿಯಾಗಿ ಓದಿದರು. ಸೊಸೆಯನ್ನು ಕರೆದು ಇನ್ನೊಮ್ಮೆ ಓದಿದರು. ಆಮೇಲೆ ಪುಟ ತಿರುವತೊಡಗಿದರು.

"ಅವನೆಲ್ಲಿ?"

ನೀಲಾ ದಾವಣಗೆರೆಯ ದಾದಾಪೀರರ ಸಾಲು ತೋರಿಸಿದಳು. 'ಕಾಲು ಜಾರಿತ್ತು' ಎಂದು ಅವರು ಹೇಳಿದ್ದೂ ಅಡಿಟಿಪ್ಪಣಿಯಲ್ಲಿತ್ತು. ಪೈಲ್ವಾನರಿಗೆ ಸಿಟ್ಟು ಬರಬಹುದೆಂದು ನಾನು ಚಪ್ಪಲಿಯ ಕಡೆ ನೋಡಿದೆ. ಅವರು ಆ ಸಾಲನ್ನೂ ಬೆರಳಿಟ್ಟು ಓದಿ, ಪುಸ್ತಕ ಮುಚ್ಚಿ, ಅದನ್ನು ಎರಡೂ ಕೈಯಲ್ಲಿ ಎತ್ತಿ ನೀಲಾಳಿಗೆ ಕೊಟ್ಟರು.

"ಇರ್ಲಿ ಬಿಡಮ್ಮಾ. ಅವನು ಗಟ್ಟಿಯಾಗಿ ನಿಂತ್ರೇನೇ ನಾನು ಗೆದ್ದದ್ದಕ್ಕೆ ಬೆಲೆ."

ಇದೆಲ್ಲ ಆಗಿ ಕೆಲವು ವರ್ಷಗಳಾದವು. ಅವಳು ತಿದ್ದಿದ ಆ ಫೈಲು ಒಬ್ಬರಿಂದ ಒಬ್ಬರಿಗೆ ದಾಟಿ, ಕನ್ನಡದಲ್ಲಿ ಪ್ರಬಂಧ ಬರೆಯುವ ಎಷ್ಟೋ ಮಂದಿಯ ಕಂಪ್ಯೂಟರಿನಲ್ಲಿ ಕೂತಿದೆ. ಅವಳ ಗೈಡೇ ಹೊಸ ವಿದ್ಯಾರ್ಥಿಗಳನ್ನು ನಮ್ಮ ಮನೆಗೆ ಕಳಿಸುತ್ತಾರೆ.

ಇವತ್ತು ಮಧ್ಯಾಹ್ನವೂ ಒಬ್ಬ ಹುಡುಗಿ ಬಂದಳು. ಬೆನ್ನಿಗೆ ಲ್ಯಾಪ್‌ಟಾಪ್ ಚೀಲ, ಬಿಸಿಲಿಗೆ ಕೆಂಪಾದ ಮುಖ. ಗೇಟಿನ ಹತ್ತಿರ ನಿಂತು, "ಡಾಕ್ಟರ್ ನೀಲಾಂಬಿಕೆ ಮೇಡಂ ಮನೆ ಇದೇ ಏನ್ರಿ?" ಎಂದಳು. ಹಿಂದೆ ಈ ಬೀದಿಯಲ್ಲಿ ನಮ್ಮ ಮನೆ ಕೇಳುವವರು ನನ್ನ ಹೆಸರು ಹಿಡಿದು, ನನ್ನ ಕಚೇರಿ ಹೇಳಿ ಕೇಳುತ್ತಿದ್ದರು. "ಇದೇ, ಬರ್ರಿ" ಎಂದು ಒಳಗೆ ಕರೆದು, ನೀಲಾಳ ಕೋಣೆ ತೋರಿಸಿ, ಚಹಾಕ್ಕಿಟ್ಟೆ. ಇಬ್ಬರೂ ತಲೆಗೆ ತಲೆ ಹಚ್ಚಿ ಪರದೆ ನೋಡುತ್ತಿದ್ದರು. ನೀಲಾಳ ಧ್ವನಿ ಅಡುಗೆಮನೆಯವರೆಗೂ ಕೇಳುತ್ತಿತ್ತು, ಪಾಠ ಮಾಡುವವರ ಧ್ವನಿ.

ಹೊರಡುವಾಗ ಆ ಹುಡುಗಿ ಲೋಟ ತಂದು ನನ್ನ ಕೈಗೆ ಕೊಟ್ಟು, "ಪ್ರಬಂಧದಾಗೆ ಕೃತಜ್ಞತೆ ಪುಟ ಬರೀತಾ ಇದೀನಿ ಸರ್. ಬಿಸಿಲಾಗೆ ಬಂದೋಳಿಗೆ ಚಹಾ ಮಾಡಿಕೊಟ್ರಿ. ನಿಮ್ಮ ಹೆಸರು ಏನಂತ ಹಾಕ್ಲಿ?" ಎಂದಳು.

ಇಷ್ಟು ವರ್ಷ ಕಚೇರಿಯ ಪತ್ರಗಳ ಕೆಳಗೆ ಬರೆದ ನನ್ನ ಹೆಸರು ನಾಲಿಗೆಯ ತುದಿಗೆ ಬಂತು. ಅದನ್ನು ಅಲ್ಲೇ ಬಿಟ್ಟೆ.

"ನೀಲಾಂಬಿಕೆ ಮೇಡಂ ಮನೆಯವರು ಅಂತ ಹಾಕ್ರಿ" ಎಂದೆ.